ಗ್ರೀಸಿನ ದ್ವೀಪಕ್ಕೆ ಅತ್ತೆಯ ಸವಾರಿ

ನಮ್ಮ ಸೋದರತ್ತೆ ಗ್ರೀಸ್ ದೇಶದ ಜನಕ್ಕೆ ಬಿಸಿಲು ಕಾಯಿಸುವುದನ್ನು ಕಲಿಸಿ ಬಂದವರು. ನೀವು ನಗಬಹುದು. ನಮ್ಮೂರು ಬಾಳೂರಿನಲ್ಲೂ ಎಲ್ಲರೂ ನಗುತ್ತಿದ್ದರು, ಅತ್ತೆ ಎದುರಿಗೆ ಇಲ್ಲದಾಗ ಮಾತ್ರ. ಗಂಡ ತೀರಿಕೊಂಡ ಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಗಂಬೂಟು ಹಾಕಿಕೊಂಡು ಕಾಫಿ ತೋಟ ಸುತ್ತುತ್ತಿದ್ದ ಹೆಂಗಸಿನ ಎದುರಿಗೆ ನಗುವ ಧೈರ್ಯ ಯಾವ ಮೇಸ್ತ್ರಿಗಿತ್ತು?

ಪಕ್ಕದ ಎಸ್ಟೇಟಿನ ಮ್ಯಾನೇಜರು ಇಂಗ್ಲೆಂಡಿನವನು, ಅವನ ಹೆಂಡತಿ ಗ್ರೀಸಿನವರು. ಎಲ್ಲರೂ ಅವರನ್ನು ದೊರೆಸಾನಿ ಎನ್ನುತ್ತಿದ್ದರು. ಒಮ್ಮೆ ದೊರೆಸಾನಿಯ ಹಸು ಅತ್ತೆಯ ತರಕಾರಿ ಮಡಿಗೆ ನುಗ್ಗಿತು. ಅತ್ತೆ ಕನ್ನಡದಲ್ಲಿ ಬೈದರು, ಅವರು ಗ್ರೀಕಿನಲ್ಲಿ ಬೈದರು. ಇಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಅದಕ್ಕೇ ಇರಬೇಕು, ಜಗಳ ಮುಗಿಯುವ ಹೊತ್ತಿಗೆ ಗೆಳತಿಯರಾಗಿದ್ದರು. ಆಮೇಲೆ ದೊರೆಸಾನಿ ಆಳುಗಳಿಂದಲೂ ಅತ್ತೆಯಿಂದಲೂ ಕನ್ನಡ ಕಲಿತರು. ಎಪ್ಪತ್ತರ ದಶಕದಲ್ಲಿ ಗಂಡ ತೀರಿಕೊಂಡಾಗ ತಮ್ಮ ಹುಟ್ಟೂರಾದ ಪುಟ್ಟ ದ್ವೀಪಕ್ಕೆ ಹಿಂದಿರುಗಿದರು.

ಕೆಲವು ವರ್ಷಗಳ ನಂತರ, ದೊರೆಸಾನಿಯ ಕಣ್ಣು ಮಂದವಾಗುತ್ತಿದೆಯಂತೆ, ಪೂರ್ತಿ ಹೋಗುವ ಮೊದಲು ಅತ್ತೆಯ ಮುಖ ನೋಡಬೇಕಂತೆ ಎಂಬ ಸುದ್ದಿ ಬಂತು. ಆ ವರ್ಷ ಕಾಳುಮೆಣಸಿಗೆ ಒಳ್ಳೆಯ ದರ ಬಂದಿತ್ತು. ನಮ್ಮ ಕಡೆಯವರೆಲ್ಲ ಜೀಪು ಕೊಂಡರು. ಅತ್ತೆ ಗ್ರೀಸಿಗೆ ಟಿಕೆಟು ಕೊಂಡರು.

ನಾನಾಗ ಮೂಡಿಗೆರೆಯ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಅತ್ತೆ ನನಗೂ ಟಿಕೆಟು ತೆಗೆದಿದ್ದರು.

"ಅತ್ತೆ, ನಾನು ಬೆಂಗಳೂರು ದಾಟಿದವಳಲ್ಲ" ಎಂದೆ.

"ನಿಂಗೆ ಇಂಗ್ಲಿಷ್ ಬರುತ್ತೆ, ನಂಗೆ ಧೈರ್ಯ ಇದೆ. ಇನ್ನೇನು ಬೇಕು?"

ದ್ವೀಪದಲ್ಲಿ ನನ್ನ ಇಂಗ್ಲಿಷ್ ಯಾರಿಗೂ ಅರ್ಥವಾಗಲಿಲ್ಲ. ಅತ್ತೆಯ ಧೈರ್ಯ ಎಲ್ಲರಿಗೂ ಅರ್ಥವಾಯಿತು.

ದೋಣಿಕಟ್ಟೆಯಲ್ಲಿ ಕಪ್ಪು ಉಡುಪಿನ ದೊರೆಸಾನಿ ಕೋಲೂರಿಕೊಂಡು ಕಾಯುತ್ತಿದ್ದರು. ಹಡಗಿನಿಂದ ಇಳಿದ ಅತ್ತೆ ನೇರ ಹೋಗಿ ಅವರ ಎದುರಿಗೆ ನಿಂತರು. ದೊರೆಸಾನಿಯ ಮುಖ ಮಾತ್ರ ಸಮುದ್ರದ ಕಡೆಗೇ ಇತ್ತು.

"ಯಾಕೇ ಆ ಕಡೆ ನೋಡ್ತೀಯ? ನಾನಿಲ್ಲಿದ್ದೀನಿ" ಎಂದರು ಅತ್ತೆ.

ದೊರೆಸಾನಿ ಥಟ್ಟನೆ ತಿರುಗಿದರು. "ಬಂದ್ಯಾ ಮಾರಾಯ್ತಿ? ಹೋದ ಚಳಿಗಾಲದಲ್ಲೇ ಪೂರಾ ಕತ್ತಲೆ ಆಯ್ತು."

"ನಾನು ಬರೋವರೆಗೆ ಕಾಯಕ್ಕೆ ಆಗ್ಲಿಲ್ವಾ ನಿಂಗೆ?" ಅತ್ತೆ ಗದರಿದರು. ಗದರುತ್ತಲೇ ಅವರ ಕೈ ಹಿಡಿದುಕೊಂಡರು.

ನಮಗಾಗಿ ದೋಣಿಕಟ್ಟೆಗೆ ಬಂದದ್ದು ಬಿಟ್ಟರೆ, ಕಣ್ಣು ಹೋದ ಮೇಲೆ ದೊರೆಸಾನಿ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರಂತೆ. ಅತ್ತೆ ಅದಕ್ಕೆ ಸೊಪ್ಪು ಹಾಕಲಿಲ್ಲ. "ನಮ್ಮೂರು ತೋರಿಸ್ತೀನಿ ಅಂತಿದ್ದೆ ನೀನು. ನಿಂಗೆ ಕಾಣದಿದ್ರೆ ನಾನೇ ನೋಡಿ ಹೇಳ್ತೀನಿ, ನಡಿ" ಎಂದು ಮರುದಿನವೇ ಹೊರಡಿಸಿದರು.

ಮೊದಲು ಸಮುದ್ರ ತೀರ. ಮರಳಿನ ತುಂಬ ಬಿಳಿಯ ಜನ ಬಟ್ಟೆಯ ಹಂಗಿಲ್ಲದೆ ಬಿಸಿಲಿಗೆ ಬಿದ್ದಿದ್ದರು. ನಾನು ನಾಚಿ ತಲೆ ತಗ್ಗಿಸಿದೆ. ಅತ್ತೆ ವರದಿ ಶುರುಮಾಡಿದರು.

"ಕಣದಲ್ಲಿ ಪಾರ್ಚ್‌ಮೆಂಟ್ ಹರಡಿದ ಹಾಗಿದೆ ಕಣೇ. ಆದ್ರೆ ಮಗುಚೋರೇ ಇಲ್ಲ. ಇಲ್ಲೊಬ್ಬ ಒಂದು ಬದಿ ಪೂರಾ ಕೆಂಪಾಗಿದ್ದಾನೆ."

ಪಾರ್ಚ್‌ಮೆಂಟನ್ನು, ಅಂದರೆ ಸಿಪ್ಪೆ ಬಿಡಿಸಿ ತೊಳೆದು ಒಣಹಾಕಿದ ಕಾಫಿಬೀಜವನ್ನು, ಹೊತ್ತಿಗೆ ಸರಿಯಾಗಿ ಮಗುಚದಿದ್ದರೆ ಅತ್ತೆಗೆ ಜೀವ ತಡೆಯುತ್ತಿರಲಿಲ್ಲ. ಇಲ್ಲಿ ತಡೆದೀತೆ? ಹೋಗಿ ಆ ಮಹಾಶಯನ ಭುಜ ತಟ್ಟಿ, ಹೊರಳು ಎಂದು ಕೈಯಲ್ಲೇ ಹೇಳಿದರು. ಅವನು ಗಾಬರಿಯಿಂದ ಹೊರಳಿದ. ಪಕ್ಕದವಳು ಹೇಳಿಸಿಕೊಳ್ಳದೆಯೇ ಹೊರಳಿದಳು. ದೊರೆಸಾನಿ ನಕ್ಕು ನಕ್ಕು ಮರಳಿನ ಮೇಲೇ ಕೂತುಬಿಟ್ಟರು.

ಇನ್ನೊಂದು ದಿನ ಗುಡ್ಡದ ಮೇಲಿನ ಹಳೆಯ ದೇವಸ್ಥಾನ. ಮುರಿದ ಕಂಬಗಳು ಬಿಟ್ಟರೆ ಏನೂ ಉಳಿದಿಲ್ಲ. ಅತ್ತೆ ಚಪ್ಪಲಿ ಹೊರಗೇ ಬಿಟ್ಟರು.

"ಒಳಗೆ ದೇವರಿಲ್ಲ, ಮಾರಾಯ್ತಿ. ಹೋಗಿ ಎಷ್ಟೋ ಕಾಲ ಆಯ್ತು" ಎಂದರು ದೊರೆಸಾನಿ.

"ಹೋದ್ರೇನು, ಮನೆ ಅವರದ್ದೇ ಅಲ್ವಾ?"

ಅತ್ತೆ ಗೆಳತಿಯ ಕೈಯನ್ನು ಒಂದೊಂದು ಕಂಬದ ಮೇಲೂ ಇಟ್ಟು, ಎಲ್ಲಿ ಮುರಿದಿದೆ, ಎಲ್ಲಿ ಹುಲ್ಲು ಹುಟ್ಟಿದೆ ಎಂದು ಹೇಳಿದರು. ನಾವು ಹಿಂದಿರುಗುವಾಗ ಅತ್ತೆಯ ಚಪ್ಪಲಿಯ ಪಕ್ಕದಲ್ಲಿ ಪ್ರವಾಸಿಗರ ಬೂಟುಗಳು ಸಾಲಾಗಿ ನಿಂತಿದ್ದವು.

ಊಟದ ವಿಷಯದಲ್ಲಿ ಅತ್ತೆ ಸುಲಭವಾಗಿ ಸೋಲುವವರಲ್ಲ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದನ್ನು ನೋಡಿ, "ಪತ್ರೊಡೆ ಮಾಡಕ್ಕೆ ಹೋಗಿ ಬೀಡಿ ಕಟ್ಟಿದ್ದಾರೆ" ಎಂದರು. ಅಂದು ಬಡಿಸಿದ್ದರಲ್ಲಿ ನನಗೆ ಉಳಿದದ್ದು ಎರಡೇ ಬೀಡಿ. ಕಾಫಿಯ ಮೇಲೆ ಮಾತ್ರ ನಿಜವಾದ ಸಿಟ್ಟು. ಪುಡಿಯನ್ನು ಸೋಸದೆ ಲೋಟಕ್ಕೇ ಸುರಿಯುವುದೇ?

"ತಳಕ್ಕೆ ಇಳಿಯುತ್ತೆ, ಸ್ವಲ್ಪ ಕಾಯಬೇಕು" ಎಂದರು ದೊರೆಸಾನಿ.

"ಕಾಯ್ತಾ ಕೂರಕ್ಕೆ ನಿಮ್ಮೂರಲ್ಲಿ ಯಾರಿಗೂ ಕೆಲಸ ಇಲ್ವಾ?"

ಆದರೆ ಹೊರಡುವ ದಿನ ಹತ್ತಿರವಾದಂತೆ ಅತ್ತೆ ಸೋಸುವ ಮಾತೆತ್ತಲಿಲ್ಲ. ಇಬ್ಬರೂ ಅಂಗಳದ ಬೆಂಚಿನ ಮೇಲೆ ಕೂತು, ಪುಡಿ ತಳಕ್ಕೆ ಇಳಿದು ಕಾಫಿ ಆರಿಹೋದ ಮೇಲೂ ಸುಮ್ಮನೆ ಕಾಯುತ್ತಿದ್ದರು.

ಕೊನೆಯ ಬೆಳಿಗ್ಗೆ ಯಾರೂ ಅಳಲಿಲ್ಲ. "ದಿನಾ ಒಂದ್ಸಲ ಹೊರಗೆ ಹೋಗ್ಬೇಕು, ಗೊತ್ತಾಯ್ತಾ?" ಎಂದು ಅತ್ತೆ ಆಳಿಗೆ ಹೇಳುವಂತೆ ಹೇಳಿ ಹಡಗು ಹತ್ತಿದರು. ಹಡಗು ಬಿಟ್ಟಿತು. ದೊರೆಸಾನಿ ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಿದ್ದರು. ಬೀಸುತ್ತಿದ್ದದ್ದು ನಮ್ಮ ಕಡೆಗಲ್ಲ, ಅಲ್ಲೇ ಕಟ್ಟಿಹಾಕಿದ್ದ ಯಾವುದೋ ಮೀನಿನ ದೋಣಿಯ ಕಡೆಗೆ.

ನನಗೆ ನೋಡಲಾಗಲಿಲ್ಲ. ಅತ್ತೆ ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು "ಕೂ..." ಎಂದರು. ನಮ್ಮಲ್ಲಿ ಕಣಿವೆಯ ಆಚೆಗಿರುವವರನ್ನು ಕರೆಯಲು ಹಾಕುವ ಕೂ. ಹಡಗಿನವರೆಲ್ಲ ತಿರುಗಿ ನೋಡಿದರು. ಕಟ್ಟೆಯ ಮೇಲೆ ದೊರೆಸಾನಿಯ ಕೈ ನಿಂತಿತು. ಮುಖ ಮೆಲ್ಲಗೆ ತಿರುಗುತ್ತ ಬಂದು ಸರಿಯಾಗಿ ನಮ್ಮ ಕಡೆಗೆ ನೆಟ್ಟಿತು. ಅವರೂ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಬಾಯಿಗೆ ಕೈ ಹಿಡಿದು "ಕೂ..." ಎಂದರು.

ಒಬ್ಬರದು ಮುಗಿದರೆ ಇನ್ನೊಬ್ಬರದು. ಹಡಗು ದೂರವಾಗಿ, ಆ ಕಡೆಯಿಂದ ಏನೂ ಕೇಳಿಸದಾಯಿತು. ಅತ್ತೆ ಮಾತ್ರ ಇನ್ನೂ ಒಂದು ಸಲ ಕೂಗಿ, ತಲೆ ಓರೆಮಾಡಿ ಕಿವಿಗೊಟ್ಟು ನಿಂತರು.