ಎಡ ಅಂಚಿನ ಕಾವಲುಗಾರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಡತಕ್ಕೆ ಟಿಪ್ಪಣಿ ಬರೆದು ಗೊತ್ತೇ ಹೊರತು ಕತೆ ಬರೆದು ಗೊತ್ತಿಲ್ಲ. ಎಲ್ಲಾದರೂ ಅರ್ಥವಾಗದಿದ್ದರೆ ತಪ್ಪು ನನ್ನದು, ಕಚೇರಿಯದಲ್ಲ. ಕಚೇರಿಯ ತಪ್ಪು ಎಂಬುದು ಇರುವುದಿಲ್ಲ.

ನಮ್ಮದು ಹಳೆಯ ಸಿನಿಮಾಗಳ ಡಿವಿಡಿ ಕಾಪಿ ಮಾಡಿಕೊಡುವ ಕಚೇರಿ. ಕೆಲವು ಡಿವಿಡಿಗಳ ಎರಡೂ ಬದಿಯಲ್ಲಿ ಸಿನಿಮಾ ಇರುತ್ತದೆ. ಒಂದು ಬದಿ ವೈಡ್‌ಸ್ಕ್ರೀನ್: ಚಿತ್ರ ಇಡಿಯಾಗಿ ಬರುತ್ತದೆ, ಆದರೆ ನಮ್ಮಲ್ಲಿರುವಂಥ ಹಳೇ ಚೌಕ ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಇನ್ನೊಂದು ಬದಿ ಫುಲ್‌ಸ್ಕ್ರೀನ್: ಟಿವಿ ತುಂಬ ಚಿತ್ರ, ಆದರೆ ಹಾಗೆ ತುಂಬಿಸಲಿಕ್ಕೆ ಎಡಬಲದ ಅಂಚು ಕತ್ತರಿಸಿರುತ್ತಾರೆ. ಅಂದರೆ ಫುಲ್ ಎಂದರೆ ಕಡಿಮೆ. ಗೊಂದಲವಾದರೆ ಇನ್ನೊಮ್ಮೆ ಓದಿ, ನಾನು ಕಾಯುತ್ತೇನೆ.

ಒಂದು ದಿನ ಒಬ್ಬ ಅಜ್ಜ ಹೆಂಡತಿಯ ಜೊತೆ ಬಂದು ಒಂದು ರಾಜರ ಕಾಲದ ಸಿನಿಮಾ ಕೇಳಿದರು.

"ಸಿಂಹಾಸನದ ಎಡಗಡೆ ಈಟಿ ಹಿಡಿದು ನಿಂತಿರೋನು ನಾನೇ. 'ಆಗಲಿ ಪ್ರಭು' ಅಂತ ಡೈಲಾಗೂ ಇದೆ."

"ಮದುವೆ ಆದಾಗಿಂದ ಇದೇ ಪುರಾಣ," ಎಂದರು ಅಜ್ಜಿ. "ನೋಡಿ, ಇವತ್ತು ಕಣ್ಣಿಗೆ ಕಾಣಬೇಕು. ಕಾಣ್ಲಿಲ್ಲ ಅಂದ್ರೆ ಇನ್ಮೇಲೆ ಮೊಮ್ಮಕ್ಕಳ ಮುಂದೆ ಈ ವಿಷಯ ಎತ್ತೋ ಹಾಗಿಲ್ಲ."

ಅಜ್ಜ ಒಪ್ಪಿದರು. ನಾನು ಸಾಹೇಬರ ಬಳಿ ಹೋದೆ.

"ಯಾವ ಬದಿ ಮಾಡ್ಲಿ ಸಾರ್? ವೈಡಾ, ಫುಲ್ಲಾ?"

"ಫುಲ್ ಸಿಗೋವಾಗ ಬೇರೆ ಯಾಕ್ರೀ? ಫುಲ್ ಅಂದ್ರೆ ಪೂರ್ತಿ."

"ಅದರಲ್ಲಿ ಅಂಚು ಹೋಗುತ್ತೆ ಸಾರ್."

"ಕಪ್ಪು ಪಟ್ಟಿ ಇರೋದು ಕೊಟ್ರೆ ಟಿವಿ ಖಾಲಿ ಅಂತಾರೆ. ಸಾರ್ವಜನಿಕರಿಗೆ ಖಾಲಿ ಜಾಗ ಮಂಜೂರು ಮಾಡೋ ಅಧಿಕಾರ ನಮಗಿಲ್ಲ."

ಕಾಪಿಯಾದ ಮೂಲ ಡಿವಿಡಿಗೆ ಕಚೇರಿಯ ಮೊಹರಿನ ಚೀಟಿ ಅಂಟಿಸಬೇಕೆಂಬುದು ನಿಯಮ. ಎರಡೂ ಬದಿ ಫಳಫಳ ಹೊಳೆಯುತ್ತಿದ್ದುದರಿಂದ ಸಾಹೇಬರು ಬೇಡದ ಬದಿಗೆ, ಅಂದರೆ ವೈಡ್ ಬದಿಗೆ, ಗಟ್ಟಿ ಅಂಟು ಬಳಿದು ತಾವೇ ಅಂಟಿಸಿದರು. ಅಂಟಿಸಿದ ಬದಿಯನ್ನು ಯಂತ್ರ ಓದುವುದಿಲ್ಲ. ಚೀಟಿ ಕಿತ್ತರೆ ಮೊಹರಿಗೆ ಅವಮಾನ.

ಕಾಪಿಯನ್ನು ಟಿವಿಗೆ ಹಾಕಿದೆವು. ರಾಜ ಬಂದ, ಸಿಂಹಾಸನ ಬಂತು. ಎಡಕ್ಕೆ ಈಟಿಯ ತುದಿಯೊಂದು ಓರೆಯಾಗಿ ಇಣುಕಿತು. ಆಮೇಲೆ ಯಾರೂ ಇಲ್ಲದ ಕಡೆಯಿಂದ ದನಿ: "ಆಗಲಿ ಪ್ರಭು!"

"ಅದೇ! ಅದು ನಾನೇ!"

"ಸುಮ್ನಿರ್ರೀ. ಒಂದು ದಿನಾನಾದ್ರೂ ನನಗೆ 'ಆಗಲಿ' ಅಂದಿದೀರಾ? ಇದು ನಿಮ್ಮ ದನೀನೇ ಅಲ್ಲ."

ಸಾಹೇಬರು ಪರಿಶೀಲಿಸಿ ತೀರ್ಪು ಕೊಟ್ಟರು: ಪರದೆಯ ಹೊರಗಿನಿಂದ ಬರುವ ದನಿ ಪ್ರೇಕ್ಷಕರದು, ಪ್ರದರ್ಶನದ ವೇಳೆ ಪ್ರೇಕ್ಷಕರು ಮಾತಾಡುವಂತಿಲ್ಲ. ಗಲಾಟೆ ಮಾಡಿದ್ದಕ್ಕೆ ಅಜ್ಜನಿಗೆ ಎಚ್ಚರಿಕೆ ನೀಡಲಾಯಿತು.

ಅಜ್ಜನ ಮುಖ ಸಣ್ಣಗಾಯಿತು. ಅವರು ಎದ್ದು, ಮೂಲೆಯಲ್ಲಿದ್ದ ಜೇಡರ ಬಲೆ ತೆಗೆಯುವ ಕೋಲು ಹಿಡಿದು, ಟಿವಿಯ ಎಡಕ್ಕೆ ನಿಂತರು. "ಇನ್ನೊಂದ್ಸಲ ಹಾಕಪ್ಪಾ."

ಹಾಕಿದೆ. ಕೋಲನ್ನು ಈಟಿಯ ತುದಿಗೆ ಸರಿಯಾಗಿ ಜೋಡಿಸಿ, ಎದೆ ಉಬ್ಬಿಸಿ, ದನಿ ಬಂದಾಗ ಬಾಯಿ ಆಡಿಸಿದರು.

ಅಜ್ಜಿ ಕನ್ನಡಕ ಮೇಲೇರಿಸಿಕೊಂಡರು. "ಅಯ್ಯೋ, ನೀವೇ ಕಣ್ರೀ!" ಮೇಲಿಂದ ಕೆಳಗೆ ನೋಡಿ, "ಆಗ್ಲೂ ಹೊಟ್ಟೆ ಇಷ್ಟೇ ಮುಂದಿತ್ತಾ?" ಎಂದರು.

ಸಾಹೇಬರು ಅಲ್ಲೇ ಆದೇಶ ಹೊರಡಿಸಿದರು. ಫುಲ್‌ಸ್ಕ್ರೀನ್ ಪ್ರತಿಯಲ್ಲಿ ಬಿಟ್ಟುಹೋದ ವ್ಯಕ್ತಿಗಳು ಪ್ರದರ್ಶನದ ವೇಳೆ ಟಿವಿಯ ಸಂಬಂಧಪಟ್ಟ ಬದಿಯಲ್ಲಿ ಖುದ್ದಾಗಿ ಹಾಜರಿರತಕ್ಕದ್ದು. ಮೃತರಾಗಿದ್ದಲ್ಲಿ ವಾರಸುದಾರರು ನಿಲ್ಲಬಹುದು. ಮರವಿದ್ದಲ್ಲಿ ಹೂಕುಂಡ ಸಾಕು. ಪ್ರಾಣಿಗಳಿದ್ದಲ್ಲಿ ಸಿಬ್ಬಂದಿ ಸಹಕರಿಸತಕ್ಕದ್ದು.

ಈಗ ಕಚೇರಿಯಲ್ಲೇ ದಿನಾ ಪ್ರದರ್ಶನ, ಅಜ್ಜ ದಿನಾ ಬರುತ್ತಾರೆ. ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಇಷ್ಟು ಫುಲ್ಲಾಗಿ ಬೇರೆ ಯಾವ ಕಚೇರಿಯೂ ತೋರಿಸುವುದಿಲ್ಲ ಎಂದು ಜನ ಹೊಗಳುತ್ತಾರೆ. ವೈಡ್ ಬೇಕೆಂದು ಯಾರೂ ಕೇಳಿಲ್ಲ.

ಯಾವ ಬದಿಯ ಕಾಪಿ ಎಂದು ಗುರುತಿಸುವುದೂ ಸುಲಭವಾಗಿದೆ. ಟಿವಿಯ ಪಕ್ಕ ಯಾರಾದರೂ ನಿಂತಿದ್ದರೆ ಫುಲ್, ಇಲ್ಲದಿದ್ದರೆ ವೈಡ್. ನಿಂತವರು ಸಿನಿಮಾದವರೋ ಕುರ್ಚಿ ಸಿಗದ ಪ್ರೇಕ್ಷಕರೋ ಎಂದು ತಿಳಿಯಲು ಮಾತ್ರ ಸ್ವಲ್ಪ ವಿವರಣೆ ಬೇಕು. ಹೇಗೆಂದರೆ, ಪ್ರೇಕ್ಷಕರಾದರೆ ಅವರ ಕೈಯಲ್ಲಿ—

ಅಜ್ಜಿ ನನ್ನನ್ನೇ ಕೂಗುತ್ತಿದ್ದಾರೆ. "ಏನ್ರೀ ಬರೀತಾ ಕೂತಿದೀರಾ? ಯುದ್ಧ ಶುರುವಾಯ್ತು! ಬಲಗಡೆ ಕುದುರೆ ಜಾಗ ಖಾಲಿ ಇದೆ, ಓಡಿ ಬನ್ನಿ!"