ಹಳದಿಗೆ ತಿರುಗಿದ ದೀಪಗಳು

ನಾಲ್ಕು ಹೆಂಗಸರು, ಮದುವೆಯಾಗದ ಒಬ್ಬ ಮೇಸ್ತ್ರಿ ಒಂದೇ ಸೂರಿನಡಿ ಕೂತರೆ ದಿನಕ್ಕೊಂದು ನಡೆಯದೆ ಇರುತ್ತಾ? ನನಗೆ ಬಾಯಿ ಮುಚ್ಚಿಕೊಂಡಿರು ಅಂದರೆ ಹೆಂಗೆ? ಊರಿಗಾಂನಲ್ಲಿ ರೇಡಿಯೋಗೆ ಹಾಕುವ ಪುಟಾಣಿ ಎಲ್‌ಇಡಿ ದೀಪ ಮಾಡುವ ಶೆಡ್ಡಲ್ಲಿ ಕಸ ಗುಡಿಸಿ, ಟೀ ಕೊಡುತ್ತಿದ್ದವಳು ನಾನು.

ನಾದಿನಿ

ಆ ದೀಪದ ಜೀವ ಸಾಸಿವೆಗಿಂತ ಸಣ್ಣ ಚೂರು. ಅದರ ಮೇಲೆ ಗಾಜಿನಂಥ ಅಂಟು ಹುಯ್ದು, ಕರೆಂಟು ಒಲೆಯಲ್ಲಿಟ್ಟು ಗಟ್ಟಿ ಮಾಡಬೇಕು. "ಅಂಟು ಯಾಕೆ ಸಾಮಿ?" ಅಂದೆ.

"ಬೆಳಕು ಆ ಚೂರಿನ ಅಂಚಿಗೆ ಬಂದು ವಾಪಸ್ ಒಳಕ್ಕೇ ತಿರುಗಿಬಿಡುತ್ತೆ ಕಣಮ್ಮ" ಅಂದರು ಶೆಡ್ಡಿನ ಸಾಹುಕಾರರು. "ಬೆಳಕನ್ನ ಚೆನ್ನಾಗಿ ಬಗ್ಗಿಸೋ ಅಂಟಿದ್ದರೆ ಆಚೆಗೆ ಕರ್ಕೊಂಡು ಬರುತ್ತೆ."

"ಓ, ಬಾಗಿಲ ತಂಕ ಬಂದು ನಾಚ್ಕೊಂಡು ಒಳಕ್ಕೋಗೋ ಹೊಸ ಸೊಸೇನ ನಾದಿನಿ ಕೈ ಹಿಡಿದು ಕರ್ಕೊಂಡು ಬರಲ್ವಾ, ಅಂಗೆ!"

"ಹಾಗೇ ಅಂದುಕೋ."

ಒಳ್ಳೇ ಅಂಟು. ನನ್ನ ನಾದಿನಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು.

ನೊರೆ

ಕ್ಯಾಸಂಬಳ್ಳಿಯಿಂದ ಹೊಸ ಹುಡುಗಿ ಬಂದಳು. ಅವರ ಮನೇಲಿ ಹಸುಗಳು ಜಾಸ್ತಿ. "ಗುಳ್ಳೆ ಏಳದಂಗೆ ಮೆಲ್ಲಗೆ ಕಲಸಮ್ಮಾ" ಅಂತ ಮೇಸ್ತ್ರಿ ಅಂಟಿನ ಲೋಟ ಕೊಟ್ಟ. ಇವಳು ಕಡ್ಡಿಯನ್ನು ಎರಡು ಅಂಗೈ ನಡುವೆ ಹಿಡಿದು ಮಜ್ಜಿಗೆ ಕಡೆದಂಗೆ ಗಿರಗಿರ ಕಡೆದಳು. ಲೋಟದ ತುಂಬ ನೊರೆ! ಸಾಹುಕಾರರು ತಲೆ ಚಚ್ಚಿಕೊಂಡರೆ ಇವಳು, "ಚೂರು ತಣ್ಣೀರು ಚಿಮುಕಿಸ್ಲಾ ಸಾಮಿ?" ಅನ್ನೋದಾ!

ಅವತ್ತೇ ಅವಳನ್ನು ಒಲೆ ಕಾಯುವುದಕ್ಕೆ ಹಾಕಿದರು. ಮೇಸ್ತ್ರಿಯ ಸ್ಟೂಲೂ ಹಿಂದೆಯೇ ಒಲೆ ಹತ್ತಿರ ಹೋಯಿತು.

ಕಾಮಾಲೆ

ಆಮೇಲೆ ದೀಪಗಳಿಗೆ ಕಾಮಾಲೆ ಹತ್ತಿತು. ಒಲೆಯಿಂದ ಬಂದ ತಟ್ಟೆಯೆಲ್ಲ ಹಳದಿ. ಹಳದಿ ದೀಪ ಯಾರು ಕೊಳ್ತಾರೆ?

"ಅರಿಶಿನದ ಕೈಯಲ್ಲಿ ಮುಟ್ತೀಯಾ? ಇನ್ನೊಂದು ತಟ್ಟೆ ಹಿಂಗಾದರೆ ಮನೆಗೆ ಹೋಗ್ತಾ ಇರು" ಅಂದರು ಸಾಹುಕಾರರು.

"ಮನೇಲಿ ಕುಂತ್ರೆ ಸೋದರಮಾವನಿಗೆ ಕಟ್ಟಿಬಿಡ್ತಾರೆ ಅಕ್ಕಾ" ಅಂತ ಹುಡುಗಿ ನನ್ನ ಹತ್ತಿರ ಅತ್ತಳು. ಮೇಸ್ತ್ರಿ ನೆಲ ನೋಡಿದ.

ನನಗೆ ಗೊತ್ತಿಲ್ಲವಾ? ಇವಳು "ತೆಗೀಲಾ?" ಅನ್ನೋಳು, ಅವನು "ಇನ್ನೂ ಬೆಂದಿಲ್ಲ" ಅನ್ನೋನು. ಒಲೆ ಕಡೆ ಮಾತ್ರ ಇಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಹೊತ್ತು ಮೀರಿ ಬೆಂದರೆ ಅಂಟು ಹಳದಿಯಾಗದೆ ಇರುತ್ತಾ?

ಹೊಸ ಅಂಟು

ಎಷ್ಟು ಕಾವಿಗೂ ಬಣ್ಣ ಕೆಡಲ್ಲ ಅಂತ ಸಾಹುಕಾರರು ದುಬಾರಿ ಅಂಟು ತಂದರು. ಇದೂ ಹಳದಿಯಾದರೆ ಇದೇ ಇವಳ ಕೊನೇ ತಟ್ಟೆ. ಅವತ್ತಾದರೂ ಬುದ್ಧಿ ಬಂತಾ? ಊಟದ ಹೊತ್ತು ಹೋಯ್ತು, ಎರಡನೇ ಟೀ ಹೋಯ್ತು, ತಟ್ಟೆ ಒಲೆಯಲ್ಲೇ. ಸಾಹುಕಾರರೇ ಬಂದು ಒಲೆ ಬಾಗಿಲು ತೆಗೆದು ಇಣುಕಿದರು. ಹುಡುಗಿ ಕಣ್ಣು ಮುಚ್ಚಿಕೊಂಡಳು.

ದೀಪಗಳು ತಿಳಿನೀರಿನ ಹಂಗಿದ್ದವು!

"ಭಲೇ! ಎಷ್ಟು ಹೊತ್ತಿನಿಂದ ತಡ್ಕೊಂಡಿದೆ? ಕೊಳ್ಳೋರಿಗೆ ಹೇಳಬೇಕು."

ನಿಜ ಹೇಳಿದರೆ ಹಳೇ ಹಳದಿಯ ಗುಟ್ಟೂ ಬಯಲು. ಹುಡುಗಿ "ಗೊತ್ತಿಲ್ಲ ಸಾಮಿ" ಅಂದಳು.

"ಒಲೆ ಕಾಯೋಳಿಗೆ ಅಷ್ಟೂ ಗೊತ್ತಿಲ್ವಾ? ನಾಳೆಯಿಂದ ಬರಬೇಡ."

ಮೇಸ್ತ್ರಿ ಸ್ಟೂಲಿಂದ ಎದ್ದ. "ಅವಳದು ತಪ್ಪಿಲ್ಲ ಸಾರ್. ಅವತ್ತೂ ಇವತ್ತೂ ನಾನೇ ತೆಗೆಯೋಕೆ ಬಿಡಲಿಲ್ಲ. ನನ್ನ ಮದುವೆ ಆಗ್ತೀಯಾ ಅಂತ ಕೇಳ್ತಾ ಇದ್ದೆ."

"ಅದೇ ಕಣಯ್ಯ, ಎಷ್ಟು ಹೊತ್ತು ಕೇಳಿದೆ?"

"ಇನ್ನೂ ಮುಗಿದಿಲ್ಲ ಸಾರ್. ಅವಳು ಊಂ ಅಂದಿಲ್ಲ."

ಹುಡುಗಿ ಕಣ್ಣು ಮುಚ್ಚಿಕೊಂಡೇ "ಊಂ" ಅಂದಳು.

ಸಾಹುಕಾರರು ತಕ್ಷಣ ಗಡಿಯಾರ ನೋಡಿಕೊಂಡರು.