ಮಾಮಾ ನೋಡಿದ ಗೇಮ್ ಮೇಳ

ನಮ್ಮ ಮಾಮಾನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಮೂಡಲಗಿ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಗೆಯೇ ಅವನ ಬಾಯಿಂದ ‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಹೊರಡಿಸಿದವರೂ ಹುಟ್ಟಿಲ್ಲ! ಈ ಎರಡನೆಯ ಗುಣದಿಂದ ಕಳೆದ ವಾರ ನನ್ನ ಮಾನ ಹೋಗುವುದರಲ್ಲಿತ್ತು.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಕಲ್ಲೋಳಿಯಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಕುರಿಯ ಹಿಂದೆಯೇ ಹುಟ್ಟಿ ಬೆಳೆದ ಮನುಷ್ಯ. ಈಗ ಕುರಿ ಕಾಯುವುದಿಲ್ಲ, ಕುರಿ ನೋಡಿಕೊಡುತ್ತಾನೆ. ಟಗರು ಕೊಳ್ಳುವವರು ಅವನನ್ನು ಬಸ್ಸಿನಲ್ಲಿ ಕರೆದೊಯ್ದು, ಚಹಾ ಕುಡಿಸಿ, ಟಗರಿನ ಮುಂದೆ ನಿಲ್ಲಿಸುತ್ತಾರೆ. ಅವನೋ ಟಗರನ್ನು ನೋಡುವುದೇ ಇಲ್ಲ! ಮೊದಲು ಹಗ್ಗ ಹಿಡಿದವನ ಕೈ ನೋಡುತ್ತಾನೆ. ಆಮೇಲೆ ಟಗರನ್ನು ಹತ್ತು ಹೆಜ್ಜೆ ನಡೆಸಲು ಹೇಳುತ್ತಾನೆ. ಕೊನೆಗೆ ಬಲಗೈ ಹೆಬ್ಬೆರಳಿನಿಂದ ಅದರ ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ‘ಹೂಂ’ ಅಂದರೆ ಕೊಳ್ಳಬೇಕು, ‘ಬ್ಯಾಡ’ ಅಂದರೆ ಬಿಡಬೇಕು. ಕಾರಣ ಕೇಳಿದರೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಡುತ್ತಾನೆ.

ಟಗರಿನ ವಿಷಯಕ್ಕಷ್ಟೇ ಹೀಗಿದ್ದರೆ ನಡೆಯುತ್ತಿತ್ತು. ನನಗೆ ಹೆಣ್ಣು ನೋಡಲು ಅರಭಾವಿಗೆ ಹೋದಾಗಲೂ ಅದೇ. ಹುಡುಗಿ ಚಹಾ ತಂದುಕೊಟ್ಟಳು, ನಾನು ಕುಡಿದೆ, ಎಲ್ಲರಿಗೂ ಒಪ್ಪಿಗೆ. ಮಾಮಾ ‘ಬ್ಯಾಡ’ ಅಂದ, ಟವೆಲು ಕೊಡವಿದ, ಎದ್ದ. ಅವ್ವ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಳು. ಮೂರು ವರ್ಷ ಕಳೆದ ಮೇಲೆ ಒಂದು ದಿನ ಊಟದ ನಡುವೆ, ಯಾರೂ ಕೇಳದಿದ್ದಾಗ, ತಾನಾಗಿಯೇ ಬಾಯಿಬಿಟ್ಟ. “ಹುಡುಗಿ ಬರೋಬ್ಬರಿ ಇದ್ಲು. ನಿನ್ನ ಕೈಯಾಗ ಚಾದ ಬಶಿ ನಡಗಾಕತ್ತಿತ್ತು.” ಅಂದರೆ ಅಂದು ಅವನು ಪರೀಕ್ಷೆ ಮಾಡಿ ಬೇಡವೆಂದದ್ದು ನನ್ನನ್ನು!

ಇನ್ನು ಅವನ ಹೆಬ್ಬೆರಳಿನ ಕತೆ. ಅದನ್ನು ಅವನು ಕುರಿಯ ಬಾಯಿಗೆ ಬಿಟ್ಟರೆ ಬೇರೆಲ್ಲೂ ಒತ್ತುವುದಿಲ್ಲ. ರೇಷನ್ ಅಂಗಡಿಯವರು ಹೆಬ್ಬೆರಳು ಇಡಿ ಅಂದರೆ ತೋರುಬೆರಳು ಇಡುತ್ತಾನೆ. ಬ್ಯಾಂಕಿನಲ್ಲಿ ಹೆಬ್ಬಟ್ಟು ಒತ್ತಬೇಕಾಗುತ್ತದೆಂದು ಐವತ್ತು ದಾಟಿದ ಮೇಲೆ ಪಾಟಿ ಹಿಡಿದು ನನ್ನ ಹತ್ತಿರವೇ ಸಹಿ ಕಲಿತ. ಬಸ್ಸಿನ ಬೋರ್ಡು ನೋಡಿ ನೋಡಿ ಓದುವುದನ್ನೂ ಅರ್ಧಮರ್ಧ ಕಲಿತ. ಮೊಬೈಲನ್ನಂತೂ ಮುಟ್ಟುವುದಿಲ್ಲ. ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಅವ್ವನ ಫೋನು ಒಂದೇ ಸಮನೆ ಬಡಿದುಕೊಂಡಿತಂತೆ. ಕಸಬರಿಗೆಯ ಕಡ್ಡಿ ತಂದು ಚುಚ್ಚಿ ನೋಡಿದ್ದಾನೆ. ಕಡ್ಡಿಗೆ ಫೋನು ಓಗೊಡುತ್ತದೆಯೇ? ಯಾಕೆ ಮಾಮಾ ಹೀಗೆ ಅಂದರೆ, ಟವೆಲು ಕೊಡವಿದ.

ನನ್ನದೂ ಒಂದಿಷ್ಟು ಹೇಳಬೇಕು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಅಪ್ಪ ತೀರಿಕೊಂಡಿದ್ದ, ಮಾಮಾನ ಜೊತೆ ಕುರಿಯ ಹಿಂದೆ ಹೋದೆ. ಇಪ್ಪತ್ತನಾಲ್ಕನೇ ವಯಸ್ಸಿಗೆ ಹೊರಗಿನಿಂದ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ. ಈಗ ಗೋಕಾಕದ ಒಂದು ಗೇಮ್ ಪಾರ್ಲರಿನಲ್ಲಿ ಕೆಲಸ. ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್ ಪೆಟ್ಟಿಗೆಗಳು ಅಲ್ಲಿ ನಾಲ್ಕಿವೆ. ಅವನ್ನು ಒರೆಸುತ್ತ, ಬಿಚ್ಚುತ್ತ, ಜೋಡಿಸುತ್ತ ಅವುಗಳ ಜಾತಕವೇ ನನಗೆ ಬಾಯಿಪಾಠವಾಗಿದೆ. ಅದನ್ನೇ ಆಗೀಗ ಫೋನಿನಲ್ಲಿ ಬರೆದು ಹಾಕುತ್ತಿದ್ದೆ. ಅದನ್ನು ಓದಿ, ಗೇಮುಗಳ ಬಗ್ಗೆ ಕನ್ನಡದಲ್ಲಿ ಜಾಲತಾಣ ನಡೆಸುವ ಧಾರವಾಡದ ಮೇಡಂ ಒಬ್ಬರು ಫೋನು ಮಾಡಿದರು. ಪರದೇಶದ ಗೇಮ್ ಮೇಳದಲ್ಲಿ ಒಂದು ದೊಡ್ಡ ಕಂಪನಿ ತನ್ನ ಹೊಸ ಕನ್ಸೋಲ್ ತೋರಿಸಿದೆ, ಆ ಕಾರ್ಯಕ್ರಮ ಹೇಗಿತ್ತೆಂದು ವಿಮರ್ಶೆ ಬರೆಯಿರಿ, ಚೆನ್ನಾಗಿದ್ದರೆ ಪ್ರತಿ ವಾರ ನಿಮ್ಮ ಹೆಸರಿನಲ್ಲಿ ಹಾಕುತ್ತೇವೆ ಅಂದರು. ನನ್ನ ಹೆಸರಿನಲ್ಲಿ! ನನ್ನ ಹೆಸರು ಅಲ್ಲಿಯವರೆಗೆ ಪಾಸಾದ ಕಾಗದದ ಮೇಲೆ ಬಿಟ್ಟರೆ ಎಲ್ಲೂ ಅಚ್ಚಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಆ ಕಾರ್ಯಕ್ರಮ ನೋಡಲು ಕುಳಿತೆ. ಮಾಮಾ ರೊಟ್ಟಿ ತಟ್ಟೆ ಹಿಡಿದು ಬಾಜೂಕ ಬಂದು ಕುಳಿತ. ದೊಡ್ಡ ವೇದಿಕೆ, ನೀಲಿ ಬೆಳಕು, ಕರಿ ಬನಿಯನ್ನಿನ ಸಾಹೇಬ. ಅಷ್ಟು ದೊಡ್ಡ ಕಂಪನಿ ನಡೆಸುವವನಿಗೆ ಒಂದು ಅಂಗಿ ಇಲ್ಲವೇ ಎಂಬುದು ಮಾಮಾನ ಮೊದಲ ವಿಮರ್ಶೆ. ಸಾಹೇಬ ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ಇದ್ದುದರಿಂದ, ಗೂಟಕ್ಕೆ ಕಟ್ಟಿದ ಟಗರೂ ಇಷ್ಟು ತಿರುಗುವುದಿಲ್ಲ ಎಂಬುದು ಎರಡನೆಯದು. ವಸ್ತು ಇನ್ನೂ ಹೊರಗೇ ಬಂದಿಲ್ಲ, ಜನ ಚಪ್ಪಾಳೆ ಹೊಡೆಯುತ್ತಾರೆ. ಇವರು ಗಿರಾಕಿಗಳೋ, ಸಾಹೇಬನ ಬೀಗರೋ ಎಂದು ಕೇಳಿದ. ಕೊನೆಗೆ ಬಟ್ಟೆ ಸರಿಸಿ ಪೆಟ್ಟಿಗೆ ತೋರಿಸಿದರು. ಯಾರಿಗೂ ಮುಟ್ಟಲು ಕೊಡಲಿಲ್ಲ, ಎತ್ತಿ ತೂಕ ತೋರಿಸಲಿಲ್ಲ. ಮಾರಾಟ ಮುಂದಿನ ವರ್ಷ, ಆದರೆ ಇವತ್ತೇ ಬುಕ್ ಮಾಡಬಹುದು ಎಂದು ಸಾಹೇಬ ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದೆ.

ಮಾಮಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಹೊಟ್ಟ್ಯಾಗಿನ ಮರಿ ಮಾರಾಕತ್ತಾನ.”

ನಾನು ನಕ್ಕು, ಅದನ್ನು ಬರೆದುಕೊಂಡೆ. ಮೂಡಲಗಿ ಸಂತೆಯಲ್ಲಿ ಒಬ್ಬ ಚಾಕು ಮಾರುವವನು ಕಬ್ಬಿಣದ ಮೊಳೆ ಕತ್ತರಿಸಿ ತೋರಿಸುತ್ತಿದ್ದಾಗ, ಮೊಳೆ ನಾವು ತಿನ್ನುವುದಿಲ್ಲ, ಟೊಮ್ಯಾಟೊ ಕೊಯ್ದು ತೋರಿಸು ಎಂದು ಮುಂದಿಟ್ಟವನು ಇದೇ ಮಾಮಾ. ಟೊಮ್ಯಾಟೊ ಜಜ್ಜಿಹೋಗಿ ಹಿಂಡಿಯಾಗಿತ್ತು.

ಆಮೇಲೆ ಮುಖ್ಯ ಘಟ್ಟ ಬಂತು. ಸಾಹೇಬ ಎರಡೂ ಕೈಯಲ್ಲಿ ಗುಂಡಿಗಳ ಕಂಟ್ರೋಲರ್ ಹಿಡಿದು, ಈಗ ನಿಮ್ಮ ಕಣ್ಣೆದುರಿಗೇ ನಾನೇ ಆಡುತ್ತೇನೆ ಅಂದ. ಹಿಂದಿನ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಕತ್ತಿ ಹಿಡಿದ ಹುಡುಗಿ ಛಾವಣಿಯಿಂದ ಛಾವಣಿಗೆ ಹಾರತೊಡಗಿದಳು. ಏನು ಮಳೆ, ಏನು ಬೆಂಕಿ! ಅವಳ ಜಡೆಯ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಮಾಮಾ ಎದ್ದ.

“ಅಂವ ಆಡಾಕತ್ತಿಲ್ಲ.”

ಯಾಕೆ ಅಂದೆ.

“ಅವನ ಕೈಯಾಗಿಲ್ಲ ಅದು,” ಅಂದ. ಟವೆಲು ಕೊಡವಿಕೊಂಡು ಹಿತ್ತಲಿಗೆ ಹೋದ.

ಎರಡು ದಿನ ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಲೇಖನ ಮುಗಿಸಿದೆ. ಮಾಮಾನ ಮಾತುಗಳನ್ನು ಅವನ ಹೆಸರಿಲ್ಲದೆ, ಕುರಿ ನೋಡುವ ನಮ್ಮ ಮಾಮಾ ಹೀಗಂದ ಎಂದು ಸೇರಿಸಿದೆ. ಕೊನೆಗೆ, ಆ ಸಾಹೇಬರು ವೇದಿಕೆಯ ಮೇಲೆ ಆಡಲೇ ಇಲ್ಲ, ಮೊದಲೇ ಮಾಡಿಟ್ಟ ಚಿತ್ರ ಓಡಿಸಿ ಬೆರಳು ಆಡಿಸಿದರು ಎಂದು ಬರೆದೆ. ಆಧಾರ? ಇಪ್ಪತ್ತು ವರ್ಷಗಳಲ್ಲಿ ಆ ಮನುಷ್ಯನ ಒಂದು ‘ಬ್ಯಾಡ’ ಕೂಡ ಸುಳ್ಳಾಗಿದ್ದನ್ನು ನಾನು ನೋಡಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಜಗತ್ತಿಗೆ ಸಾಕಾಗಬೇಕಲ್ಲ!

ಬುಧವಾರ ಬೆಳಿಗ್ಗೆ ಲೇಖನ ಬಂತು, ಮೇಲೆ ನನ್ನ ಹೆಸರು. ಹತ್ತು ಗಂಟೆಯ ಹೊತ್ತಿಗೆ ಕೆಳಗೆ ಬೈಗುಳ ಶುರುವಾದವು. ಆ ಕಂಪನಿಯ ಅಭಿಮಾನಿಗಳು ಎಲ್ಲಿದ್ದರೋ ಏನೋ, ಇರುವೆಗಳ ಹಾಗೆ ಬಂದರು. ಕುರಿ ಕಾಯುವವರು ಗೇಮ್ ಬಗ್ಗೆ ಬರೆದರೆ ಹೀಗೇ ಆಗುವುದು ಎಂದು ಒಬ್ಬ ಬರೆದಿದ್ದ, ಅದಕ್ಕೆ ನಗುವವರು ನೂರು ಜನ. ಹನ್ನೊಂದಕ್ಕೆ ಮೇಡಂ ಫೋನು. ಸಿಟ್ಟಿರಲಿಲ್ಲ, ಅದೇ ಹೆದರಿಕೆ ತಂದಿತು.

“ಆಡಲಿಲ್ಲ ಅಂತ ಬರದೀರಿ. ಅದು ಆರೋಪ ಆತರಿ. ನಾಲ್ಕರೊಳಗ ಆಧಾರ ಕಳಸ್ರಿ. ಇಲ್ಲಾಂದ್ರ ಲೇಖನಾ ತಗೀತೇವಿ, ನಿಮ್ಮ ಹೆಸರೂ ತಗೀತೇವಿ.”

ಆಧಾರ ಎಲ್ಲಿದೆ? ಆಧಾರ ಅಂದು ಟಗರು ನೋಡಲು ಹುಕ್ಕೇರಿಯ ಆಚೆ ಒಂದು ಹಟ್ಟಿಗೆ ಹೋಗಿತ್ತು! ಫೋನು ಮುಟ್ಟದ ಮನುಷ್ಯನನ್ನು ಫೋನಿನಲ್ಲಿ ಹಿಡಿಯುವುದು ಹೇಗೆ? ಪಾರ್ಲರ್ ಮಾಲೀಕನಿಗೆ ಹೊಟ್ಟೆನೋವು ಎಂದು ಹೇಳಿ ಗೋಕಾಕದಿಂದ ಹುಕ್ಕೇರಿ ಬಸ್ಸು ಹತ್ತಿದೆ.

ಫೋನಿಗೆ ಇಳಿಸಿಕೊಂಡಿದ್ದ ಅದೇ ಭಾಗವನ್ನು ದಾರಿಯುದ್ದಕ್ಕೂ ಮೂರು ಸಲ ನೋಡಿದೆ. ಹುಡುಗಿ ಹಾರಿದಳು, ಬೆಂಕಿ ಉರಿಯಿತು, ಜಡೆ ಹಾರಿತು. ಒಂದು ತಪ್ಪೂ ಸಿಗಲಿಲ್ಲ. ಘಟಪ್ರಭಾದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು, ಡ್ರೈವರ್ ಚಹಾ ಕುಡಿಯುತ್ತ ಯಾರದೋ ಮದುವೆಯ ಊಟದ ವಿಷಯ ಮಾತಾಡುತ್ತಿದ್ದ. ಬುಂದಿ ಹೇಗಿತ್ತು ಎಂಬಲ್ಲಿಗೆ ಬಂದಾಗ ಅವನ ಕಾಲಿಗೆ ಬೀಳಬೇಕೆನಿಸಿತು. ಹುಕ್ಕೇರಿಯಲ್ಲಿ ಇಳಿದು, ಹನ್ನೊಂದು ಜನ ತುಂಬಿದ ಟಂಟಂ ರಿಕ್ಷಾ ಹತ್ತಿ, ಮುಂದೆ ಒಂದು ಮೈಲು ಓಡಿ ಹಟ್ಟಿ ತಲುಪಿದಾಗ ಮೂರೂ ಹತ್ತು. ಫೋನಿನ ಬ್ಯಾಟರಿ ನೂರಕ್ಕೆ ಒಂಬತ್ತು.

ಮಾಮಾ ದೊಡ್ಡ ಕರಿ ಟಗರಿನ ಬಾಯಲ್ಲಿ ಹೆಬ್ಬೆರಳು ಇಟ್ಟು ನಿಂತಿದ್ದ. ಟಗರಿನ ಮಾಲೀಕ ಬೇಸತ್ತಿದ್ದ. “ಹಲ್ಲ ಎಣಸ್ತೀರೋ, ಕೀಳ್ತೀರೋ ಹಿರ್ಯಾರ?” ಎನ್ನುತ್ತಿದ್ದ. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಮಾಮಾ ಟಗರಿನ ಬಾಯಿ ಬಿಡದೆ ಕೇಳಿಸಿಕೊಂಡ.

“ಹೇಳೀನಲ್ಲೋ. ಅವನ ಕೈಯಾಗಿಲ್ಲ.”

“ಯಾಕ ಇಲ್ಲ, ಅದನ್ನ ಹೇಳು ಮಾಮಾ.”

ಅವನ ಇನ್ನೊಂದು ಕೈ ಟವೆಲಿನ ಕಡೆ ಹೋಯಿತು. ನಾನು ಮುಂದೆ ಹೋಗಿ ಅವನ ಹೆಗಲಿನ ಟವೆಲನ್ನೇ ಕಸಿದುಕೊಂಡೆ. ಜೀವಮಾನದಲ್ಲಿ ಯಾರೂ ಮಾಡದ ಕೆಲಸ! ಟಗರಿನ ಮಾಲೀಕ, ಕೊಳ್ಳಲು ಬಂದವನು, ಕೊನೆಗೆ ಟಗರು ಕೂಡ ನನ್ನನ್ನೇ ನೋಡಿತು.

“ನಾಲ್ಕಕ್ಕ ನನ್ನ ಹೆಸರ ತಗೀತಾರ ಮಾಮಾ,” ಅಂದೆ.

ಮಾಮಾ ಟಗರಿನ ಬಾಯಿಂದ ಹೆಬ್ಬೆರಳು ತೆಗೆದ.

“ಅಂವ ನೀರ ಕುಡದ,” ಅಂದ.

“ಯಾರು?”

“ಕರಿ ಬನಿಯನ್ನಿನಾಂವ. ಕೈಯಾಗಿಂದ ಕೆಳಗಿಟ್ಟ ನೀರ ಕುಡದ. ಹುಡುಗಿ ನಿಲ್ಲಲಿಲ್ಲ, ಹಾರಕೋತನ ಹೋದ್ಲು. ನೀ ಹುಡುಗಿನ್ನ ನೋಡಾಕತ್ತಿದ್ದಿ. ನಾ ಅವನ ಕೈ ನೋಡಾಕತ್ತಿದ್ದೆ.”

ಹಟ್ಟಿಯ ಕಲ್ಲಿನ ಮೇಲೆ ಕುಳಿತು ಫೋನು ತೆರೆದೆ. ಈ ಸಲ ಪರದೆಯ ಕೆಳಗೆ, ಎಡಮೂಲೆಯಲ್ಲಿ, ಉಗುರಿನಷ್ಟೆತ್ತರ ಕಾಣುವ ಸಾಹೇಬನನ್ನೇ ನೋಡಿದೆ. ಹನ್ನೆರಡನೇ ನಿಮಿಷ. ಸಾಹೇಬ ಕಂಟ್ರೋಲರನ್ನು ಮೇಜಿನ ಮೇಲಿಟ್ಟ. ಬಾಟಲಿ ಎತ್ತಿದ. ಮೂರು ಗುಟುಕು ಕುಡಿದ. ಅಷ್ಟರಲ್ಲಿ ಹಿಂದೆ ಹುಡುಗಿ ಎರಡು ಛಾವಣಿ ಹಾರಿ, ಒಬ್ಬನ ಕತ್ತಿ ತಡೆದು, ಅವನನ್ನು ಕೆಳಗೆ ಕೆಡವಿದ್ದಳು! ಬಾಟಲಿ ಇಟ್ಟು, ಕಂಟ್ರೋಲರ್ ಎತ್ತಿಕೊಂಡು, ಸಾಹೇಬ ಮತ್ತೆ ಅವಸರದಿಂದ ಬೆರಳು ಆಡಿಸತೊಡಗಿದ. ಟಗರಿನ ಮಾಲೀಕನೂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಎಲ್ಲ ಕಡೆ ಮಾರುವವರೆಲ್ಲ ಹಿಂಗ ಇರ್ತಾರೇನ್ರಿ ಅಂದ. ಅವನ ಕೈಯಲ್ಲಿ ಟಗರಿನ ಹಗ್ಗ ಬಹಳ ಬಿಗಿಯಾಗಿತ್ತು, ಮಾಮಾ ಆ ಕೈಯನ್ನೇ ನೋಡುತ್ತಿದ್ದ.

‘ಹನ್ನೆರಡನೇ ನಿಮಿಷ, ಎಡಮೂಲೆ, ನೀರು’ ಎಂದು ಬರೆದು ಕಳಿಸಿದೆ. ಹೋಗಲಿಲ್ಲ. ನೆಟ್‌ವರ್ಕ್ ಇಲ್ಲ. ಹಟ್ಟಿಯ ಗೋಡೆ ಹತ್ತಿ ನಿಂತು ಫೋನು ಮೇಲೆತ್ತಿದೆ. ಮೂರೂವರೆ. ಸಂದೇಶದ ಬಾಜೂಕ ಗುಂಡಗೆ ಏನೋ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು. ಕೆಳಗೆ ಮಾಮಾ ನನ್ನ ಕಾಲು ಹಿಡಿದುಕೊಂಡು ನಿಂತಿದ್ದ, ಬೀಳಬಾರದೆಂದು. ಕೈ ನಡುಗಿಸಬೇಡ ಎಂದು ಎರಡು ಸಲ ಹೇಳಿದ. ಬ್ಯಾಟರಿ ಐದು ಆಯಿತು, ನಾಲ್ಕು ಆಯಿತು. ಟಣ್ ಎಂದಿತು, ಹೋಯಿತು. ಆಮೇಲೆ ಏನೂ ಇಲ್ಲ. ಕುರಿಗಳು ಮೇವು ಅಗಿಯುವ ಸದ್ದು ಮಾತ್ರ.

ಐದು ಕಡಿಮೆ ನಾಲ್ಕಕ್ಕೆ ಉತ್ತರ ಬಂತು. ‘ನೋಡಿದೆ. ಮೂರು ಸಲ ನೋಡಿದೆ. ಲೇಖನ ಇರಲಿ, ಹೆಸರೂ ಇರಲಿ. ಮುಂದಿನ ವಾರ ಏನು ಬರೀತೀರಿ?’

ಗೋಡೆಯಿಂದ ಹೇಗೆ ಇಳಿದೆನೋ ನೆನಪಿಲ್ಲ. ಟವೆಲನ್ನು ಮಾಮಾನ ಹೆಗಲಿಗೆ ಹಾಕಿದೆ. ಅವನು ಅದನ್ನು ಕೊಡವಲಿಲ್ಲ, ಹೊರಟೂ ಹೋಗಲಿಲ್ಲ. ಕಲ್ಲಿನ ಮೇಲೆ ನನ್ನ ಪಕ್ಕ ಕುಳಿತ.

“ಎಲ್ಲೈತಿ ನಿನ್ನ ಹೆಸರ?”

ಬೆಳಿಗ್ಗೆಯಿಂದ ಫೋನಿನಲ್ಲಿ ತೆರೆದೇ ಇದ್ದ ಲೇಖನ ತೋರಿಸಿದೆ. ಬಸ್ಸಿನ ಬೋರ್ಡು ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಮುಗಿದ ಮೇಲೆ ಇನ್ನೊಮ್ಮೆ ಓದಿದ. ಆಮೇಲೆ, ನಾನು ನೋಡುತ್ತಿರುವಂತೆಯೇ, ಬಲಗೈ ಹೆಬ್ಬೆರಳನ್ನು ಧೋತರಕ್ಕೆ ತಿಕ್ಕಿ ತಿಕ್ಕಿ ಒರೆಸಿಕೊಂಡು, ಮೆಲ್ಲಗೆ ನನ್ನ ಹೆಸರಿನ ಮೇಲೆ ಇಟ್ಟ.

ಪರದೆ ಸರಕ್ಕನೆ ಮೇಲಕ್ಕೆ ಜಾರಿತು. ಹೆಸರು ಕಾಣದಾಯಿತು.

ಮಾಮಾ ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆಳೆದುಕೊಂಡ. ಅವನ ಮುಖ ನೋಡಿದೆ. ಆ ಮುಖವನ್ನು ನಾನು ಹಿಂದೊಮ್ಮೆ ನೋಡಿದ್ದೆ. ನಾಲ್ಕನೇ ಇಯತ್ತೆಯ ಹಾಜರಿ ಪುಸ್ತಕದಲ್ಲಿ ಮಾಸ್ತರರು ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಅದರ ಮುಂದೆ ಅವನ ಹೆಬ್ಬಟ್ಟು ಒತ್ತಿಸಿಕೊಂಡ ದಿನ. ನಾನು ಅವನ ಧೋತರ ಹಿಡಿದು ನಿಂತಿದ್ದೆ. ಬೆರಳಿಗೆ ಹತ್ತಿದ ಮಸಿಯನ್ನು ಅವನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಸಾಲಿಯಿಂದ ಹೊರಗೆ ನಡೆದಿದ್ದ, ನಾನು ಹಿಂದೆ. ನನಗೆ ಮರೆತೇಹೋಗಿತ್ತು.

“ಅಳಿಸಿ ಹೋತೇನೋ?” ಅಂದ ಮಾಮಾ.

ನಾನು ಪರದೆಯನ್ನು ಕೆಳಗೆ ಎಳೆದೆ.

“ಇಲ್ಲೋ ಮಾಮಾ. ಇಲ್ಲೇ ಐತಿ ನೋಡು.”

ಅವನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಆ ಹೆಬ್ಬೆರಳನ್ನು, ಅದಕ್ಕೆ ಯಾವ ಮಸಿಯೂ ಅಂಟಿರದಿದ್ದರೂ, ತಲೆಗೂದಲಿಗೆ ಒರೆಸಿಕೊಂಡ.